ಎರಡು ಕುದುರೆ ಎದುರಾದರೆ

ನೀಲಮ್ಮ ಅಕ್ಕೋರ ಕೆಂಪು ಪೆನ್ನಿಗೆ ಎಲ್ಲಕ್ಕಿಂತ ಮೊದಲು ಬಲಿಯಾಗುತ್ತಿದ್ದುದು ‘ಕಣ್ಣೀರು’. ಸಾಲೆಯಿಂದ ನಿವೃತ್ತರಾದರೂ ಆ ಪೆನ್ನು ಅವರ ಚೀಲ ಬಿಟ್ಟಿರಲಿಲ್ಲ. ಕಚೇರಿಗೆ ಕೊಡುವ ಕಾಗದ ಹಿಡಿದು ಊರಿನ ಯಾರಾದರೂ ಅವರ ಕಟ್ಟೆಗೆ ಬಂದರೆ ‘ಕಣ್ಣೀರು’, ‘ಬಡಪಾಯಿ’, ‘ತಮ್ಮ ಪಾದಕ್ಕೆ ಬಿದ್ದು’ ಎಲ್ಲಕ್ಕೂ ಗೆರೆ ಎಳೆದು ವಾಪಸು ಕೊಡುತ್ತಿದ್ದರು. “ಅಳೂದು ಮನ್ಯಾಗ ಅಳ್ರಿ. ಸಾಹೇಬ್ರಿಗೆ ಏನ್ ಬೇಕು ಅದನ್ನ ಹೇಳ್ರಿ,” ಎನ್ನುವುದು ಅವರ ಮಾತು. ನಾಲ್ಕನೇ ಇಯತ್ತೆಯಲ್ಲಿ ನನಗೆ ಕಲಿಸಿದವರು. ನಾನು ಹೂವಿನ ಹಿಪ್ಪರಗಿಯಲ್ಲಿ ಗೊಬ್ಬರದ ಅಂಗಡಿ ಇಟ್ಟ ಮೇಲೂ ಅವರ ಪಾಲಿಗೆ ನಾಲ್ಕನೇ ಇಯತ್ತೆಯಲ್ಲೇ ಉಳಿದಿದ್ದೆ.

ನಮ್ಮೂರು ಹಿಪ್ಪರಗಿಗೆ ದೂರವೇನಲ್ಲ, ಆದರೆ ನಡುವೆ ಬರೀ ಎರೆಭೂಮಿ. ಮಳೆ ಹಿಡಿದರೆ ಬೈಕಿನ ಗಾಲಿಗೆ ಮಣ್ಣು ಮೆತ್ತಿ ಗಾಲಿಯೇ ತಿರುಗುವುದಿಲ್ಲ. ಟ್ರ್ಯಾಕ್ಟರು ಹೂತು ನಿಲ್ಲುತ್ತದೆ. ಆಗ ಡಾಂಬರು ರಸ್ತೆ ಮುಟ್ಟಲು ಉಳಿಯುವುದು ಮಳೆಗೂ ಕೆಸರಾಗದ ಗರಸಿನ ದಿಣ್ಣೆಗುಂಟ ಹೋಗುವ ಕುದುರೆ ಹಾದಿ ಒಂದೇ. ಕುರಿಗಾರರು ಸಂಸಾರವನ್ನೆಲ್ಲ ಕುದುರೆಗಳ ಮೇಲೆ ಹೇರಿಕೊಂಡು ತಲೆಮಾರುಗಳಿಂದ ಓಡಾಡಿದ ಹಾದಿ. ಸೌರ ವಿದ್ಯುತ್ತಿನ ಕಂಪನಿಯೊಂದು ಎರಡೂ ಕಡೆಯ ಹೊಲ ಹಿಡಿದು, ನಡುವಿನ ಹಾದಿಯನ್ನೂ ಮುಚ್ಚಿ ಬೇಲಿಯೊಳಗೆ ಸೇರಿಸಿಕೊಡಿ ಎಂದು ಕೇಳಿತು. ತಕರಾರಿದ್ದವರು ಬರೆದು ಕೊಡಬೇಕೆಂದು ಪಂಚಾಯತಿ ಗೋಡೆಗೆ ನೋಟಿಸು ಹಚ್ಚಿದರು.

ಡಿಗ್ರಿ ಆದವನೆಂದು ಬರೆಯುವ ಕೆಲಸ ನನ್ನ ಕೊರಳಿಗೆ ಬಿತ್ತು. ಹಾದಿಯ ಇತಿಹಾಸ, ಊರಿನ ಗೋಳು ಎಲ್ಲ ಸೇರಿಸಿ ಭಾರಿ ಕಾಗದವೊಂದನ್ನು ಬರೆದು, ಊರವರ ಸಹಿ, ಹೆಬ್ಬೆಟ್ಟು ಹಾಕಿಸಿ ಅಕ್ಕೋರ ಮುಂದೆ ಇಟ್ಟೆ. ಅವರು ಪೂರ್ತಿ ಓದಿ, ಮಡಚಿ, ಅದರ ಮೇಲೆ ಚಹದ ಕಪ್ಪು ಇಟ್ಟರು.

“ಎಷ್ಟ ಮಂದಿ ಸಹಿ ಮಾಡಿದ್ರೂ ಇದು ಒಂದ ಕಾಗದ ಆತಲ್ಲೋ. ಒಬ್ಬೊಬ್ಬರು ಒಂದೊಂದು ಬರೀಲಿ. ತಮ್ತಮ್ಮದು ಬರೀಲಿ.”

“ಎಲ್ಲಾರದೂ ಅದೇ ಹಾದಿ ಅಲ್ಲೇನ್ರಿ?”

“ಹಾದಿ ಅದೇ. ಹೋಗೂ ಕೆಲಸ ಬ್ಯಾರೆ ಬ್ಯಾರೆ ಅಲ್ಲಾ?”

ಮರುದಿನದಿಂದ ಅವರ ಪದ್ಧತಿ ಶುರುವಾಯಿತು. ಬರೆಯುವವರು ಮೊದಲು ಅವರ ಜೊತೆ ಆ ಹಾದಿ ನಡೆಯಬೇಕು. ಎಲ್ಲಿಂದ ಎಲ್ಲಿಗೆ, ಏನು ಹೊತ್ತು, ಯಾವಾಗ, ಹಾದಿ ಮುಚ್ಚಿದರೆ ಎತ್ತ ಸುತ್ತಿ ಹೋಗುತ್ತೀರಿ ಎಂದು ಕೇಳುತ್ತ ನಡೆಯುತ್ತಿದ್ದರು. ಮೊಣಕಾಲು ನೋವಿದ್ದೂ ಅಕ್ಕೋರು ಸೀರೆ ಎತ್ತಿ ಕಟ್ಟಿ ದಿನಾ ದಿಣ್ಣೆ ಹತ್ತುವುದನ್ನು ನೋಡಿ ನನಗೇ ಸುಸ್ತಾಗುತ್ತಿತ್ತು.

ಕುರಿಗಾರ ಮಾಳಪ್ಪನ ಸರದಿ ಬಂದಾಗ ನಾನೂ ಇದ್ದೆ. “ನಿನಗೇನ್ ಬೇಕೋ?” ಎಂದು ಕೇಳಿದರು.

“ಹಾದಿ ಮುಚ್ಚಬಾರದ್ರಿ.”

“ಅದು ಬ್ಯಾಡಾದದ್ದು. ಬೇಕಾದದ್ದು ಹೇಳು.”

ಮಾಳಪ್ಪ ತಲೆಯ ರುಮಾಲು ತೆಗೆದು, ಮತ್ತೆ ಸುತ್ತಿಕೊಂಡು ಹೇಳಿದ: “ಬೇಲಿ ಬೇಕಾರ ಹಾಕ್ಕೊಳ್ಳಲಿ. ಹೇರು ಹೊತ್ತ ಎರಡು ಕುದುರಿ ಎದುರಾದ್ರ, ತಂತಿ ತಾಗದಂಗ ದಾಟೂವಷ್ಟು ಜಾಗಾ ಬೇಕ್ರಿ.”

ಅಕ್ಕೋರು ಅಲ್ಲೇ ನಿಂತುಬಿಟ್ಟರು. ಅವತ್ತೇ ಎರಡು ಕುದುರೆಗೆ ಹೇರು ಕಟ್ಟಿಸಿ, ಪಕ್ಕಪಕ್ಕ ನಿಲ್ಲಿಸಿ, ಟೇಪು ಹಿಡಿದು ಅಳೆದರು. ಆ ಅಗಲ ಎಲ್ಲರ ಕಾಗದದ ಕೊನೆಗೂ ಬಂತು.

ಆಮೇಲೆ ನನ್ನ ಕಡೆ ತಿರುಗಿದರು. “ನಿಮ್ಮಪ್ಪಂದು ಬರಿ.”

ಹಿಂದಿನ ಮಳೆಗಾಲ ಅಪ್ಪನಿಗೆ ಎದೆ ಹಿಡಿದಾಗ ಬೈಕು ಕೆಸರಲ್ಲಿ ನಿಂತಿತ್ತು. ಮಾಳಪ್ಪನ ಕುದುರೆಯ ಮೇಲೆ ಕೂಡಿಸಿ, ಇಬ್ಬರು ಎರಡೂ ಕಡೆ ಹಿಡಿದುಕೊಂಡು ಆ ಹಾದಿಯಲ್ಲೇ ಡಾಂಬರು ರಸ್ತೆಗೆ ತಂದೆವು. ಅಂಬುಲೆನ್ಸು ನಿಂತಿತ್ತು. ಬಾಗೇವಾಡಿ ದವಾಖಾನೆ ಮುಟ್ಟುವಷ್ಟರಲ್ಲಿ ಅಪ್ಪ ಇರಲಿಲ್ಲ. ಆ ದಿನ ನಾನು ಅಳಲಿಲ್ಲ, ಆಮೇಲೂ ಅಳು ಬರಲಿಲ್ಲ. ಒಳಗೆ ಏನೋ ಜೋಮು ಹಿಡಿದಂತಿತ್ತು, ಹಾಗೇ ಉಳಿಯಿತು. ಇದ್ದದ್ದನ್ನು ಇದ್ದಂತೆ ಬರೆದುಕೊಟ್ಟೆ, ಅಪ್ಪ ಉಳಿಯಲಿಲ್ಲ ಎಂಬುದನ್ನೂ. ಅಕ್ಕೋರು ಓದಿ ಕೆಂಪು ಪೆನ್ನಿನ ಟೊಪ್ಪಿಗೆ ಮುಚ್ಚಿದರು. “ತಿದ್ದೂದೇನೂ ಇಲ್ಲ,” ಎಂದರು. ಜೀವಮಾನದಲ್ಲಿ ಮೊದಲ ಸಲ ಕೇಳಿದ ಮಾತು. ಖುಷಿಯಾಗಬೇಕಿತ್ತು. ಏನೂ ಅನ್ನಿಸಲಿಲ್ಲ.

ತಾಲೂಕು ಕಚೇರಿಯಲ್ಲಿ ವಿಚಾರಣೆಯ ದಿನ ಸಾಹೇಬರು ನನ್ನ ಕಾಗದ ಓದಿ, ಮೆತ್ತಗೇ ಕೇಳಿದರು: “ಹಾದಿ ಇದ್ದೂ ನಿಮ್ಮ ತಂದೆ ಉಳಿಯಲಿಲ್ಲವಲ್ಲ?” ಹಿಂದಿನ ಬೆಂಚಿನಿಂದ ಅಕ್ಕೋರು ಎದ್ದರು.

“ಉಳಸೂದು ಡಾಕ್ಟರ ಕೆಲಸರಿ ಸಾಹೇಬ್ರ. ಮುಟ್ಟಸೂದು ಹಾದಿ ಕೆಲಸ. ಗಾಡಿ ತನಕ ಜೀವಂತ ಮುಟ್ಟಸೇತಿ. ನಾಳೆ ಇನ್ನೊಬ್ಬರನ್ನೂ ಮುಟ್ಟಸ್ಬೇಕು.”

ಸಾಹೇಬರು ಅದನ್ನು ಬರೆದುಕೊಂಡರು. ಮುಂದೆ ಆದೇಶ ಬಂತು: ಹಾದಿ ಉಳಿಯಿತು, ಎರಡು ಬೇಲಿಗಳ ನಡುವೆ, ನಾವು ಕೇಳಿದಷ್ಟೇ ಅಗಲ. ಊರಲ್ಲಿ ಪೇಢೆ ಹಂಚಿದರು. ಅಕ್ಕೋರು ಪೇಢೆ ಬಾಯಿಗೆ ಹಾಕಿಕೊಂಡು, “ಟೇಪ ತಗೊಂಬಾ, ಕಂಬ ಸರಿ ನೆಟ್ಟಾರೋ ಇಲ್ಲೋ ನೋಡೂಣು,” ಎಂದು ಹೊರಟೇಬಿಟ್ಟರು.

ಈ ಮಳೆಗಾಲ ಅಕ್ಕೋರು ಹೋದರು. ಅವರ ಹೊಲ ಹಾದಿಯ ಆ ತುದಿಗಿದೆ. ಅಲ್ಲಿ ಅವರ ಯಜಮಾನರ ಸಮಾಧಿಯ ಪಕ್ಕದಲ್ಲೇ ಮಣ್ಣು ಮಾಡಬೇಕು. ಟ್ರ್ಯಾಕ್ಟರು ಹೋಗುವಂತಿರಲಿಲ್ಲ. ನಮ್ಮ ಪದ್ಧತಿಯಂತೆ ಅವರನ್ನು ಚಟ್ಟದಲ್ಲಿ ಕೂಡಿಸಿ, ಹೂ ಕಟ್ಟಿ, ಹೆಗಲ ಮೇಲೆ ಹೊತ್ತು ಹೊರಟೆವು. ಮುಂದಿನ ಹೆಗಲು ನನ್ನದು. ಆಗಲೂ ಕಣ್ಣು ಒಣಗಿಯೇ ಇತ್ತು.

ಬೇಲಿಗಳ ನಡುವೆ ಅರ್ಧ ದಾರಿ ಬಂದಿದ್ದೆವು. ಎದುರಿಗೆ ಮಾಳಪ್ಪ ಬರುತ್ತಿದ್ದ, ಸುದ್ದಿ ಅವನಿಗೆ ಮುಟ್ಟಿರಲಿಲ್ಲ. ಕುದುರೆಯ ಮೇಲೆ ಕೌದಿ, ಕೊಡ, ಅವುಗಳ ನಡುವೆ ಎರಡು ಕುರಿಮರಿ. ನಮ್ಮನ್ನು ನೋಡಿ ಗಕ್ಕನೆ ನಿಂತ. ಯಾರನ್ನು ಹೊತ್ತಿದ್ದೇವೆಂದು ತಿಳಿದು ರುಮಾಲು ತೆಗೆದ. ಕುದುರೆಯನ್ನು ಒಂದು ಬದಿಗೆ ಒತ್ತಿ ಹಿಡಿದು, ನಮ್ಮ ಮೈಗೂ ತಂತಿಗೂ ನಡುವೆ ಉಳಿದ ಜಾಗವನ್ನು ನೋಡಿದ. ಆಮೇಲೆ ತಲೆಯೆತ್ತಿ, ನಮಗಲ್ಲ, ಅವರಿಗೇ ಹೇಳಿದ:

“ದಾಟ್ರಿ ಅಕ್ಕೋರ, ಜಾಗಾ ಐತಿ.”