ಮೊದಲು ಬೆರಳುಗಳು ನಡುಗುತ್ತವೆ

ಆ ಟಿ.ವಿ. ಕಪ್ಪು-ಬಿಳುಪಿನದು. ಇದನ್ನು ಮೊದಲೇ ಬರೆದಿಡಬೇಕು, ಏಕೆಂದರೆ ನನ್ನ ನೆನಪಿನಲ್ಲಿ ಆ ಡೈನೋಸಾರ್ ಹಸಿರಾಗಿದೆ. ಪರದೆಯ ಮೇಲೆ ನೀಲಿ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರು. ವಾರ್ತೆ ಓದುವವರೂ ನೀಲಿ, ದೇವರು ಬಂದರೆ ದೇವರೂ ನೀಲಿ. ಹಸಿರು ಬರಲು ದಾರಿಯೇ ಇರಲಿಲ್ಲ. ಆದರೂ ಕಣ್ಣು ಮುಚ್ಚಿದರೆ ಹಸಿರೇ ಕಾಣುತ್ತದೆ. ಇಲ್ಲದ ಬಣ್ಣವನ್ನು ಇಷ್ಟು ಖಚಿತವಾಗಿ ತೋರಿಸುವ ನೆನಪು ಉಳಿದದ್ದರಲ್ಲಿ ಎಷ್ಟು ನಿಜ ಹೇಳೀತು ಎಂಬ ಅನುಮಾನದಿಂದಲೇ ಇದನ್ನು ಬರೆಯುತ್ತಿದ್ದೇನೆ.

ಎಂಬತ್ತರ ದಶಕದ ಕೊನೆಯ ವರ್ಷಗಳು. ಇಳಕಲ್ಲಿನ ನಮ್ಮ ಓಣಿಯಲ್ಲಿ ಟಿ.ವಿ. ಇದ್ದದ್ದು ಒಂದೇ ಮನೆಯಲ್ಲಿ. ಆ ಮನೆಯ ಕಾಕಾ ಹುನಗುಂದದ ಒಂದು ಕಚೇರಿಯಲ್ಲಿ ಗುಮಾಸ್ತರು, ದಿನಾ ಬಸ್ಸಿಗೆ ಹೋಗಿ ಬರುವವರು. ಉಳಿದ ನಾವೆಲ್ಲ ನೇಕಾರರು. ಅಪ್ಪ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಸೀರೆ ನೇಯುತ್ತಿದ್ದ. ಅವ್ವ ಮತ್ತು ಅಕ್ಕ ಅವನ ಲಾಳಿಗೆ ಬೇಕಾದ ನೂಲನ್ನು ಕಂಡಿಕೆಗೆ ಸುತ್ತುತ್ತಿದ್ದರು. ಅಕ್ಕ ಎಸ್ಸೆಸ್ಸೆಲ್ಸಿ ಪಾಸಾಗಿ ಮನೆಯಲ್ಲಿದ್ದಳು, ಹದಿನೆಂಟರ ಆಸುಪಾಸು. ನನಗೆ ಒಂಬತ್ತು.

ಭಾನುವಾರ ಬೆಳಿಗ್ಗೆ ಆ ಕಾರ್ಟೂನು ಬರುತ್ತಿತ್ತು. ಮೂವರೋ ನಾಲ್ವರೋ ಹರೆಯದ ಹುಡುಗ ಹುಡುಗಿಯರು. ನೋಡಲು ಎಲ್ಲರಂತೆ, ಶಾಲೆಗೆ ಹೋಗುತ್ತಾರೆ, ಅಪ್ಪ ಅವ್ವನ ಹತ್ತಿರ ಬೈಸಿಕೊಳ್ಳುತ್ತಾರೆ. ಯಾರೂ ನೋಡದ ಹೊತ್ತಿನಲ್ಲಿ ಡೈನೋಸಾರ್ ಆಗುತ್ತಾರೆ. ಮಾತು ನಮಗೆ ತಿಳಿಯುತ್ತಿರಲಿಲ್ಲ. ಅದು ಹಿಂದಿಯೋ ಇಂಗ್ಲಿಷೋ ಎಂಬುದೂ ಈಗ ನೆನಪಿಲ್ಲ. ಕಾಕಾ ಕುರ್ಚಿಯಲ್ಲಿ ಕುಳಿತು ಅರ್ಥ ಹೇಳುತ್ತಿದ್ದರು, ಗೊತ್ತಾಗದ ಕಡೆ ತಮ್ಮದೇ ಸೇರಿಸುತ್ತಿದ್ದರು ಎಂದು ಈಗ ಸಂಶಯ.

"ನೋಡ್ರಿಲೇ, ಮೊದಲ ಬೆರಳು ನಡುಗತಾವ. ಆಮ್ಯಾಲ ಉಗುರು ಬರ್ತಾವ. ಆಮ್ಯಾಲ ಬಾಲ."

"ಅವರ ಅವ್ವಗ ಗೊತ್ತಾಗೂದಿಲ್ಲೇನ್ರಿ ಕಾಕಾ?"

"ಮನ್ಯಾಗಿನವ್ರಿಗೇ ಗೊತ್ತಾಗಬಾರದು. ಅದ ಅದರ ಮಜಾ."

ಅವ್ವ ಒಮ್ಮೆ ನನ್ನನ್ನು ಕರೆಯಲು ಬಂದವಳು ಬಾಗಿಲಲ್ಲಿ ನಿಂತು ನೋಡಿ, "ಏನಿದು, ಹೊಲದಾಗಿನ ಉಡಾ ಏನ? ಇದನ್ನ ನೋಡಾಕ ಊಟಾ ಬಿಟ್ಟು ಬಂದಿಯೇನ?" ಎಂದಿದ್ದಳು.

ಮನೆಯವರಿಗೇ ಗೊತ್ತಾಗಬಾರದು ಎಂಬ ಮಾತು ನಮ್ಮ ಓಣಿಯ ಮಕ್ಕಳನ್ನು ಹಿಡಿದುಕೊಂಡಿತು. ಒಬ್ಬರ ಕುತ್ತಿಗೆಯ ಹಿಂದೆ ಇನ್ನೊಬ್ಬರು ಹುರುಪೆ ಹುಡುಕಿದೆವು. ನೂಲು ಅದ್ದುವ ಬಣ್ಣದ ಬಾನಿಯ ಮನೆಯ ಹುಡುಗನ ಮೊಣಕೈ ನೀಲಿಯಾಗಿದ್ದಕ್ಕೆ ಎರಡು ದಿನ ಅವನನ್ನು ಆಟಕ್ಕೆ ಸೇರಿಸಲಿಲ್ಲ. ನಾನು ಮಾತ್ರ ಹೊರಗೆ ಹುಡುಕುವುದನ್ನು ಬೇಗನೇ ಬಿಟ್ಟೆ. ನನಗೆ ಬೇಕಾದದ್ದು ಮನೆಯಲ್ಲೇ ಸಿಕ್ಕಿತ್ತು.

ಅಕ್ಕನ ಬೆರಳುಗಳು ನಡುಗುತ್ತಿದ್ದವು.

ನಡುಕವೆಂದರೆ ಜ್ವರದ ನಡುಕವಲ್ಲ. ಜೋಳ ಹಸನು ಮಾಡಲು ಕುಳಿತರೆ ಮೊರದ ಅಂಚಿನ ಮೇಲೆ, ಹಿಟ್ಟು ನಾದುವ ಮುಂಚೆ ಪರಾತದ ಬೆನ್ನಿನ ಮೇಲೆ, ಅವಳ ಎಂಟು ಬೆರಳುಗಳು ಒಂದೊಂದಾಗಿ ಕೆಳಗೆ ಬೀಳುತ್ತಿದ್ದವು. ಎಡಗೈಯ ಕಿರುಬೆರಳಿನಿಂದ ಶುರು. ಹೆಬ್ಬೆರಳು ಮಾತ್ರ ಗಾಳಿಯಲ್ಲಿ. ಕಣ್ಣು ಬೇರೆಲ್ಲೋ. ತುಟಿ ಏನೋ ಎಣಿಸುತ್ತಿತ್ತು. ನಾನು ನೋಡುತ್ತಿದ್ದೇನೆಂದು ತಿಳಿದ ಕೂಡಲೇ ಕೈಯನ್ನು ಸೆರಗಿನಡಿ ಸೇರಿಸುತ್ತಿದ್ದಳು.

"ಏನ ಮಾಡಾಕತ್ತಿದ್ದಿ?"

"ಏನಿಲ್ಲ. ಸುಮ್ಕ ಕುಂದ್ರು."

ಇನ್ನೂ ಕುರುಹುಗಳಿದ್ದವು. ಮಧ್ಯಾಹ್ನ ಅಪ್ಪ ಉಂಡು ಮಗ್ಗಕ್ಕೆ ಇಳಿದ ಮೇಲೆ ಅವಳು ಗೆಳತಿಯ ಮನೆಗೆ ಕಸೂತಿ ಕಲಿಯಲು ಹೋಗುತ್ತಿದ್ದಳು. ತಿಂಗಳಾದರೂ ಒಂದು ಕುಪ್ಪಸಕ್ಕೂ ಕಸೂತಿ ಬೀಳಲಿಲ್ಲ. ತೋರುಬೆರಳ ತುದಿಯಲ್ಲಿ ಕಪ್ಪು ಮಸಿ. ಕಸೂತಿಗೆ ಮಸಿ ಯಾಕೆ? ಭಾನುವಾರ ನನ್ನನ್ನು ಟಿ.ವಿ. ಮನೆಯ ಹೊಸ್ತಿಲತನಕ ಬಿಟ್ಟು ತಾನು ಒಳಗೆ ಬರದೆ ಹೋಗಿಬಿಡುತ್ತಿದ್ದಳು. ನಾನೂ ಬರುತ್ತೇನೆಂದರೆ, "ನೀ ನಿನ್ನ ಪ್ರಾಣಿ ನೋಡ ಹೋಗು" ಅನ್ನುತ್ತಿದ್ದಳು. ಅವ್ವನಿಗೆ ಗೊತ್ತಿತ್ತೇ? ಗೊತ್ತಿರಬೇಕು. ಅಪ್ಪ ಕೇಳುವ ಮೊದಲೇ "ಗೆಳತಿ ಮನಿಗಿ ಹೋಗ್ಯಾಳ" ಎಂದು ಅವ್ವ ಹೇಳುತ್ತಿದ್ದ ಆ ಅವಸರ ಈಗ ನನಗೆ ಅನುಮಾನಾಸ್ಪದವಾಗಿ ಕಾಣುತ್ತದೆ.

ಓದುವವರಿಗೆ ಇಷ್ಟರಲ್ಲಿ ತಿಳಿದಿರುತ್ತದೆ. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಮಾಳಿಗೆಯ ಮೇಲೆ ಟೈಪಿಂಗ್ ಕ್ಲಾಸು ಇತ್ತು. ಮಗ್ಗಗಳ ಸಪ್ಪಳದ ಊರಿನಲ್ಲಿ ಇನ್ನೊಂದು ಖಟಖಟವನ್ನು ಯಾರೂ ಪ್ರತ್ಯೇಕವಾಗಿ ಕೇಳಿಸಿಕೊಳ್ಳುವುದಿಲ್ಲ. ಅಕ್ಕ ಅಲ್ಲಿಗೆ ಹೋಗುತ್ತಿದ್ದಳು. ಗಂಡುಹುಡುಗರ ಜೊತೆ ಬೆಂಚಿನಲ್ಲಿ ಕೂರುವ ಜಾಗಕ್ಕೆ ಅಪ್ಪ ಒಪ್ಪುವುದಿಲ್ಲ ಎಂದು ಮುಚ್ಚಿಟ್ಟಿದ್ದಳು. ಪರೀಕ್ಷೆ ಬಾಗಲಕೋಟೆಯಲ್ಲಿ. ಅದು ಪಾಸಾದರೆ ಎಲ್ಲಾದರೂ ಒಂದು ಕಚೇರಿಯಲ್ಲಿ ಕುರ್ಚಿ ಸಿಗುತ್ತದೆ, ದಿನವಿಡೀ ಕಂಡಿಕೆ ಸುತ್ತುವುದು ತಪ್ಪುತ್ತದೆ ಎಂಬುದು ಅವಳ ಲೆಕ್ಕ.

ಇದೆಲ್ಲ ನನಗೆ ಆಮೇಲೆ ತಿಳಿಯಿತು ಎಂದು ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಂಬಿದ್ದೆ. ಧಾರವಾಡದಲ್ಲಿ ಓದುವಾಗ ದಿನಚರಿ ಬರೆಯುವ ಚಟ ಅಂಟಿತು. ಅಲ್ಲಿಯೂ ಹಾಗೆಯೇ ಬರೆದಿದ್ದೇನೆ: "ಕಾರ್ಟೂನು ನಂಬಿದ ಮಗು, ತಿಳಿಯದೆ ಆಡಿದ ಮಾತು."

ಆ ಮಾತು ಆಡಿದ್ದು ಒಂದು ಅಮಾವಾಸ್ಯೆಯ ಭಾನುವಾರ. ಅಮಾವಾಸ್ಯೆಗೆ ಮಗ್ಗಕ್ಕೆ ರಜೆ. ಹಾಗಾಗಿ ಅಪ್ಪನೂ ಟಿ.ವಿ. ಮನೆಗೆ ಬಂದು ಕಾಕಾನ ಪಕ್ಕದಲ್ಲಿ ಎಲೆಅಡಿಕೆ ಹಾಕಿಕೊಳ್ಳುತ್ತ ಕುಳಿತಿದ್ದ. ಕಾರ್ಟೂನು ಮುಗಿಯಿತು. ಮಕ್ಕಳ ಜಗಳ ಶುರುವಾಯಿತು.

"ನಮ್ಮ ಮಾಮಾ ಆಗ್ತಾನ. ಅವನ ಬೆನ್ನ ನೋಡ್ರಿ, ಮುಳ್ಳ ಮುಳ್ಳ ಅದಾವ."

"ಅವು ಮುಳ್ಳಲ್ಲಲೇ, ಬೆವರುಸಾಲಿ."

"ಇಕಿ ಮನ್ಯಾಗ ಯಾರೂ ಇಲ್ಲ. ಬರೇ ನೇಯವ್ರು."

ಕಾಕಾನ ಮಗನ ಆ ಕೊನೆಯ ಮಾತು ನನ್ನನ್ನು ಕುರಿತದ್ದು. ನಾನು ಎದ್ದು ನಿಂತೆ.

"ನಮ್ಮ ಅಕ್ಕ ಆಗ್ತಾಳ. ನಾ ನೋಡೀನಿ."

ನೆಲದ ಮೇಲೆ ಒಂದು ಸ್ಟೀಲಿನ ತಾಟು ಇತ್ತು. ಅದರ ಬೆನ್ನಿನ ಮೇಲೆ ಎರಡೂ ಕೈ ಇಟ್ಟು ತೋರಿಸಿದೆ. ಎಡಗೈಯ ಕಿರುಬೆರಳು, ಉಂಗುರದ ಬೆರಳು, ನಡುಬೆರಳು, ತೋರುಬೆರಳು. ಆಮೇಲೆ ಬಲಗೈ. ಹೆಬ್ಬೆರಳು ಮೇಲೆ. ಒಂದೂ ತಪ್ಪಲಿಲ್ಲ.

ಕಾಕಾ ನಗತೊಡಗಿದರು. "ಏ ಹುಚ್ಚಿ, ಇದ್ಯಾವ ಡೈನೋಸಾರ! ಎ, ಎಸ್, ಡಿ, ಎಫ್. ನಮ್ಮ ಆಫೀಸಿನ್ಯಾಗ ದಿನಾ ಇದ ಸಪ್ಪಳ." ಅಪ್ಪನ ಕಡೆ ತಿರುಗಿದರು. "ಮಗಳನ್ನ ಟೈಪಿಂಗಿಗಿ ಹಾಕೀರೇನ್ರಿ? ಹೇಳೇ ಇಲ್ಲಲ್ಲ!"

ಅಪ್ಪನ ಬಾಯಲ್ಲಿ ಎಲೆ ಇತ್ತು. ಎದ್ದು ಹೊರಗೆ ಹೋಗಿ ಉಗುಳಿ ಬಂದು ಕುಳಿತ.

"ಹೌಂದ್ರಿ," ಅಂದ. "ನಾನ ಹಾಕೇನಿ."

ಅವನು ಸುಳ್ಳು ಹೇಳಿದ್ದನ್ನು ನಾನು ಮೊದಲ ಸಲ ಕೇಳಿದ್ದು ಆಗ.

ಮನೆಯಲ್ಲಿ ಕೂಗಾಟವಾಗಲಿಲ್ಲ. ಅಕ್ಕ ಬಂದಾಗ ಅಪ್ಪ ಜಗಲಿಯ ಮೇಲಿದ್ದ.

"ಪರೀಕ್ಷಾ ಯಾವತ್ತೈತಿ?" ಎಂದು ಕೇಳಿದ.

ಅಕ್ಕ ಮೊದಲು ಅವ್ವನ ಮುಖ ನೋಡಿದಳು, ಆಮೇಲೆ ನನ್ನದು. "ಬರೂ ಐತವಾರ. ಬಾಗಲಕೋಟ್ಯಾಗ. ಮಧ್ಯಾನ್ನ ಮೂರಕ್ಕ," ಅಂದಳು.

"ಹೂಂ," ಅಂದ ಅಪ್ಪ.

ಆ ಹೂಂ ಎಂಬುದನ್ನು ಅವಳು ಒಪ್ಪಿಗೆ ಅಂದುಕೊಂಡಳು. ಆ ವಾರವಿಡೀ ಬಚ್ಚಿಡದೆ ಮೊರದ ಮೇಲೆ, ಕಂಬದ ಮೇಲೆ, ನನ್ನ ಬೆನ್ನ ಮೇಲೆ ಬೆರಳು ಆಡಿಸಿದಳು. ಭಾನುವಾರಕ್ಕೆ ಉಡಲು ಸೀರೆ ಮಡಚಿಟ್ಟಳು.

ಭಾನುವಾರ ಬೆಳಿಗ್ಗೆ ಅಪ್ಪ ಸೆರಗಿನ ಕೆಂಪು ರೇಷ್ಮೆಯ ಹಾಸನ್ನು, ಅಂದರೆ ಉದ್ದೆಳೆಗಳನ್ನು, ಮಗ್ಗದ ಮುಂದೆ ಹರವಿ ಕುಳಿತಿದ್ದ. ನಮ್ಮೂರ ಸೀರೆಯ ಸೆರಗು ಮೈಯ ಜೊತೆ ಹುಟ್ಟುವುದಿಲ್ಲ. ಸೆರಗಿನ ಹಾಸು ಬೇರೆ, ಮೈ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಸಾವಿರಾರು ಎಳೆ. ಒಂದು ತಪ್ಪಿದರೂ ಸೀರೆಯುದ್ದಕ್ಕೂ ಗೆರೆ ಬೀಳುತ್ತದೆ. ನಮ್ಮ ಮನೆಯಲ್ಲಿ ಅದು ಹೆಂಗಸರ ಕೈಯ ಕೆಲಸ. ಅವ್ವನ ಕಣ್ಣು ಆಗಲೇ ಮಂಜಾಗಿತ್ತು.

"ಬೆರಳು ಭಾಳ ಚುರುಕ ಆಗ್ಯಾವಂತಲ್ಲ," ಅಂದ ಅಪ್ಪ. "ಕುಂದ್ರು. ಕೂಡಿಸಿ ಹೋಗು. ಸೀರಿ ಕೊಡೂದೈತಿ."

"ನಾಳಿ ಕೂಡಿಸತೇನಿ ಅಪ್ಪಾ."

"ನಾಳಿ ನಾ ನೇಯಬೇಕು."

ಕೆಲಸ ನಿಜವಾಗಿಯೂ ಅಂದೇ ಬಂದಿತ್ತೋ, ಅಪ್ಪ ಅದನ್ನು ಅಂದಿಗೆ ತಂದಿಟ್ಟಿದ್ದನೋ? ಅವನಿದ್ದಾಗ ಕೇಳುವ ಧೈರ್ಯ ನನಗೆ ಬರಲಿಲ್ಲ. ಶಿಕ್ಷೆ ಕೊಡುವವನ ಮುಖ ಅವನದಾಗಿರಲಿಲ್ಲ. ಆದರೆ ಟಿ.ವಿ. ಮನೆಯಲ್ಲಿ ಹೌಂದ್ರಿ ಅಂದಾಗಲೂ ಅವನ ಮುಖದಲ್ಲಿ ಏನೂ ಕಂಡಿರಲಿಲ್ಲ.

ಅಕ್ಕ ಕುಳಿತಳು. ನಾನು ಪಕ್ಕದಲ್ಲಿ ಕುಳಿತು ಎಳೆ ಬಿಡಿಸಿ ಕೊಡುತ್ತಿದ್ದೆ. ಅಂದು ನಾನು ಕಾರ್ಟೂನಿಗೆ ಹೋಗಲಿಲ್ಲ. ಅವಳ ಬೆರಳುಗಳ ವೇಗವನ್ನು ನಾನು ಮತ್ತೆಂದೂ ಯಾರ ಕೈಯಲ್ಲೂ ನೋಡಿಲ್ಲ.

ಇಲ್ಲಿಂದ ಮುಂದೆ ನನ್ನ ನೆನಪು ಹೀಗೆ ಹೇಳುತ್ತದೆ. ಸೂರ್ಯ ನೆತ್ತಿಗೆ ಬರುವ ಮೊದಲೇ ಕೊನೆಯ ಎಳೆ ಕೂಡಿತು. ಅಕ್ಕ ಎದ್ದು, ಕೈತೊಳೆದು, ಮಡಚಿಟ್ಟ ಸೀರೆ ಉಟ್ಟಳು. ನಾನು ಬಸ್ ಸ್ಟ್ಯಾಂಡಿನತನಕ ಅವಳ ಹಿಂದೆ ಓಡಿದೆ. ಬಾಗಲಕೋಟೆಯ ಬಸ್ಸಿನ ಕಿಟಕಿಯಿಂದ ಅವಳು ಕೈ ಬೀಸಿದಳು. ಧೂಳು ಕಣ್ಣಿಗೆ ಹೋಯಿತು. ಆ ಧೂಳಿನ ಉರಿ ಈಗಲೂ ನೆನಪಿದೆ.

ಅಕ್ಕ ಈಗ ಕೆರೂರಿನಲ್ಲಿರುತ್ತಾಳೆ. ಮಗ್ಗವೂ ಇಲ್ಲ, ಟೈಪಿಂಗೂ ಇಲ್ಲ. ಗಂಡನ ಕಿರಾಣಿ ಅಂಗಡಿಯಲ್ಲಿ ಕೂರುತ್ತಾಳೆ. ಹೋದ ಸಲ ಅವಳಲ್ಲಿಗೆ ಹೋದಾಗ, ಅವಳು ಅಕ್ಕಿ ಆರಿಸುತ್ತಿದ್ದಾಗ, ಆ ಬಸ್ಸಿನ ಮಾತು ತೆಗೆದೆ. ಆ ಪರೀಕ್ಷೆಯಲ್ಲಿ ನಪಾಸಾದಳೆಂದು ನನ್ನ ತಿಳಿವಳಿಕೆ.

"ಯಾವ ಬಸ್ಸ?" ಅಂದಳು.

"ಬಾಗಲಕೋಟಿ ಬಸ್ಸು. ಕಿಟಕ್ಯಾಗಿಂದ ಕೈ ಬೀಸಿದ್ದಿ. ಆಮ್ಯಾಲ ನಪಾಸ ಆದಿ."

ಅವಳು ನಕ್ಕಳು. "ಅವತ್ತ ದೀಪಾ ಹಚ್ಚೂತನ ಎಳಿ ಕೂಡಿಸೇನಿ. ನೀನ ಬಾಜೂಕ ಕುಂತಿದ್ದಿ. ಮೂರು ಹೊಡದಾಗ ಗಡಿಯಾರ ನೋಡಬ್ಯಾಡ ಅಂತ ನಿನಗ ಬೈದೇನಿ. ನಾ ಬಸ್ಸ ಎಲ್ಲಿ ಹತ್ತೀನಿ? ಪರೀಕ್ಷಾಕ ಕುಂತರ ಅಲ್ಲೇನ ನಪಾಸ ಆಗೂದು?"

"ಮುಂದಿನ ಸಲ ಪರೀಕ್ಷಾಕ ಕುಂದರಬಹುದಿತ್ತಲ್ಲ."

"ಮುಂದಿನ ಸಲಕ್ಕ ಲಗ್ನ ಆತು."

ನಾನೂ ಅಕ್ಕಿಗೆ ಕೈ ಹಾಕಿ ಆರಿಸತೊಡಗಿದೆ. ಆಮೇಲೆ, ತಪ್ಪೊಪ್ಪಿಕೊಳ್ಳುವವಳಂತೆ, ಆದರೆ ಸ್ವಲ್ಪ ಕ್ಷಮೆಯ ಆಸೆಯಿಂದ, "ನನಗ ಗೊತ್ತಿರಲಿಲ್ಲ ಅಕ್ಕಾ. ಖರೇನ ನೀ ಡೈನೋಸಾರ್ ಆಗ್ತಿ ಅಂತ ತಿಳಕೊಂಡಿದ್ದೆ," ಅಂದೆ.

ಅಕ್ಕ ಒಂದು ಹರಳು ಆರಿಸಿ ಆಚೆ ಒಗೆದಳು.

"ಗೊತ್ತಿತ್ತು ಬಿಡು. ನೀ ಟಿ.ವಿ. ಮನ್ಯಾಗ ಹೇಳಿದ ಹಿಂದಿನ ವಾರ ಕ್ಲಾಸಿನ ಬಾಗಲದಾಗ ಬಂದು ನಿಂತಿದ್ದಿ. ಕೈಯಾಗ ಕಂಡಿಕಿ ಬುಟ್ಟಿ ಇತ್ತು. ನಾನೂ ಬರ್ತೇನಿ ಅಂತ ಅತ್ತಿ. ನಾ ಕಾಲಿಲೆ ಬಾಗಲಾ ದೂಡಿ ಹಾಕಿದೆ. ಮಿಶಿನ್ ಬಿಟ್ಟು ಏಳೂ ಹಂಗ ಇರಲಿಲ್ಲ."

"ಅಂದ್ರ ನಾ ಬೇಕಂತ ಹೇಳಿದೆ ಅಂತೀಯೇನು?"

"ನನಗೇನ ಗೊತ್ತು? ದಿನಾ ಬರದಿಡಾಕಿ ನೀನು. ನೀನ ನೋಡಿ ಹೇಳು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನಾನು ಇನ್ನೂ ಅದನ್ನೇ ತಿರುವಿಹಾಕುತ್ತಿದ್ದೇನೆ.

ಮನೆಗೆ ಬಂದು ಹಳೆಯ ದಿನಚರಿ ತೆಗೆದೆ. ಅಲ್ಲಿ ಬಸ್ಸು ಇದೆ, ಧೂಳು ಇದೆ, ತಿಳಿಯದ ಮಗು ಇದೆ. ಬಾಗಿಲು ಇಲ್ಲ. ಬಸ್ಸಿನ ಸಾಲನ್ನು ಹೊಡೆದುಹಾಕಿದೆ. ಮಗುವಿನ ಸಾಲಿನ ಮೇಲೆ ಪೆನ್ನು ಇಟ್ಟು ಬಹಳ ಹೊತ್ತು ಕುಳಿತೆ. ತಾಟಿನ ಮೇಲೆ ಎಂಟೂ ಬೆರಳು ಒಂದೂ ತಪ್ಪದೆ ಬಿದ್ದದ್ದು ಹೇಗೆ? ಮೊರದ ಅಂಚಿನಲ್ಲಿ ಕದ್ದು ನೋಡಿದ್ದಕ್ಕೆ ಅಷ್ಟು ಬರುತ್ತದೆಯೆ? ಅಪ್ಪ ಕುಳಿತಿದ್ದಾನೆಂದು ತಿಳಿದೂ ಎದ್ದು ನಿಂತದ್ದು ಯಾಕೆ? ಆ ಸಾಲನ್ನೂ ಹೊಡೆದುಹಾಕಿದೆ.

ಅಕ್ಕ ಹೇಳಿದ ಮೇಲೆ ಆ ಬಾಗಿಲು ನನಗೂ ಕಾಣತೊಡಗಿದೆ. ಮಾಳಿಗೆಯ ಕಡಿದಾದ ಮೆಟ್ಟಿಲು, ಒಳಗೆ ಖಟಖಟ, ನನ್ನ ಮೂಗಿನ ಮುಂದೆ ಮುಚ್ಚಿಕೊಳ್ಳುವ ಹಲಗೆ. ಇದು ನೆನಪೋ, ಅವಳು ಹೇಳಿದ್ದರಿಂದ ಹುಟ್ಟಿದ್ದೋ ತಿಳಿಯದು. ಒಂದು ಮಾತು ಕೇಳಿದರೆ ಗೊತ್ತಾಗಬಹುದು. ಕೆರೂರಿಗೆ ಫೋನು ಮಾಡಿ ಆ ಬಾಗಿಲಿಗೆ ಯಾವ ಬಣ್ಣವಿತ್ತೆಂದು ಕೇಳಬೇಕು. ಇನ್ನೂ ಕೇಳಿಲ್ಲ. ನನಗೆ ಕಾಣುವ ಬಾಗಿಲು ಹಸಿರು.