ಹೊರೋ ಮರಿ

ದೇವಾಪುರದಲ್ಲಿ ಯಾರನ್ನಾದರೂ ಕೇಳಿ, ನಿಂಗಪ್ಪಜ್ಜ ಕೈಯಿಟ್ಟ, ನನ್ನ ಅಕ್ಕನ ಮಗಳು ಬದುಕಿದಳು ಎಂದೇ ಹೇಳುತ್ತಾರೆ. ಕೇಳುವುದಕ್ಕೆ ಚೆನ್ನಾಗಿದೆ, ಆದರೆ ತಪ್ಪು. ಮಗುವನ್ನು ಉಳಿಸಿದ್ದು ಕಲಬುರ್ಗಿಯ ಡಾಕ್ಟರು ಮತ್ತು ದಿನವೂ ತಪ್ಪದೆ ನುಂಗಿದ ಮಾತ್ರೆ. ಅಜ್ಜನ ಕೈ ಏನನ್ನೂ ವಾಸಿ ಮಾಡಲಿಲ್ಲ. ಇಷ್ಟರವರೆಗೆ ನಾನು ಯಾರ ಜೊತೆ ಬೇಕಾದರೂ ವಾದಿಸಿ ಗೆಲ್ಲಬಲ್ಲೆ. ಇದರಾಚೆಗೆ ನನ್ನ ಬಳಿ ವಾದವಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆಗ ನಾನು ಶಹಾಪುರದಲ್ಲಿ ಡಿಗ್ರಿ ಓದುತ್ತಿದ್ದೆ. ಚರ್ಚಾಸ್ಪರ್ಧೆ ಎಂದರೆ ಊಟ ಬಿಟ್ಟು ಓಡುವ ಹುಡುಗಿ. ದೃಷ್ಟಿ, ಶಕುನ, ಮೈಮೇಲೆ ಬರುವುದು, ಇವನ್ನು ನಂಬುವವರನ್ನು ಮಾತಿನಲ್ಲಿ ಸಿಕ್ಕಿಸುವುದೇ ನನಗೆ ಖುಷಿ. ರಜೆಗೆ ದೇವಾಪುರದ ಶಾಂತಕ್ಕನ ಮನೆಗೆ ಹೋದಾಗ ಅವಳ ಮೂರು ವರ್ಷದ ಮಗಳು ಮಲ್ಲಿಗೆ ಆರು ದಿನದಿಂದ ಜ್ವರ. ಕಣ್ಣಲ್ಲಿ ಕೀವಿಲ್ಲ, ನೀರಿಲ್ಲ, ಬರೀ ಕೆಂಪು. ತುಟಿ ಒಡೆದು ರಕ್ತ ಜಿನುಗುತ್ತಿತ್ತು. ಮೈತುಂಬ ದದ್ದು, ಅಂಗೈ, ಪಾದ ಊದಿದ್ದವು. ಅಕ್ಕನ ಅತ್ತೆ "ಅಮ್ಮ ಬಂದಾಳ" ಎಂದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಮನೆಯಲ್ಲಿ ಒಗ್ಗರಣೆ ನಿಲ್ಲಿಸಿ, ಸೂಜಿ ಚುಚ್ಚಿಸಕೂಡದೆಂದು ಕೂತಿದ್ದರು. ನಾನು ಜಗಳ ಮಾಡಿ ಮಗುವನ್ನು ಸುರಪುರಕ್ಕೆ ಒಯ್ದೆ. ವೈರಲ್ ಜ್ವರ ಎಂದು ಅಲ್ಲಿನ ಡಾಕ್ಟರು ಸಿರಪ್ ಬರೆದುಕೊಟ್ಟರು. ಐದಾರು ದಿನದಲ್ಲಿ ಜ್ವರ ಬಿಟ್ಟಿತು. ಬಾಗಿಲ ಬೇವನ್ನು ನಾನೇ ಕಿತ್ತೆಸೆದೆ.

ಅಕ್ಕನಿಗೆ ಮಾತ್ರ ಸಮಾಧಾನವಿರಲಿಲ್ಲ. "ಜ್ವರ ಹೋಗ್ಯಾದ, ಖರೆ. ಆದ್ರ ಇಕಿ ಮೊದಲಿನಂಗ ಇಲ್ಲ" ಎಂದಳು.

"ಏನ್ ಮೊದಲಿನಂಗ ಇಲ್ಲ? ಒಂದರೆ ಹೇಳು ನೋಡೂಣು."

"ಬೆರಳ ತುದಿ ಸುಲಿಯಾಕತ್ತಾವ."

"ಜ್ವರ ಬಂದು ಹೋದ್ರ ಚರ್ಮ ಸುಲೀತದ. ಮುಂದಿಂದು ಹೇಳು."

"ನಿನ್ನ ಕೂಡ ಮಾತಾಡೂದಂದ್ರ ಕೋರ್ಟಿನಾಗ ನಿಂತಂಗ ಆಗ್ತದ ತಂಗಿ" ಎಂದು ಒಳಗೆ ಹೋದಳು. ನಾನು ಗೆದ್ದೆ ಎಂದುಕೊಂಡೆ.

ಎರಡು ದಿನ ಕಳೆದು, ಒಂದು ಮಧ್ಯಾಹ್ನ, ಅಕ್ಕ, ನಾನು, ಮಲ್ಲಿ ಕಾಲುವೆಯ ಕಡೆ ಹೋಗಿದ್ದೆವು. ಭಾವನ ದೊಡ್ಡಪ್ಪ ನಿಂಗಪ್ಪಜ್ಜ ಅಲ್ಲಿ ಹಿಂಡು ನಿಲ್ಲಿಸಿದ್ದ. ಕಾಲುವೆಗೆ ನೀರು ಬಂದಮೇಲೆ ಆಚೆಯ ಮೇವಿಗೆ ಕುರಿಗಳು ಸೇತುವೆಯವರೆಗೆ ದೂರದ ಸುತ್ತು ಹಾಕಬೇಕು. ಹೊರಡುವ ಮುಂಚೆ ಅಜ್ಜ ಎಳೆಯ ಮರಿಗಳನ್ನು ಸಾಲಾಗಿ ನಿಲ್ಲಿಸಿ, ಒಂದೊಂದರ ಎದೆಗೆ ಅಂಗೈ ಒತ್ತಿ ನೋಡುತ್ತಿದ್ದ. ಬಡಿತ ಗಟ್ಟಿಯಿದ್ದದ್ದು ನಡೆಯೋ ಮರಿ. ಇಲ್ಲದ್ದು ಹೊರೋ ಮರಿ. ಅದು ಕಂಬಳಿಯೊಳಗೆ ಸೇರಿ ಅವನ ಹೆಗಲೇರುತ್ತಿತ್ತು.

ಮಲ್ಲಿ ಓಡಿಹೋಗಿ ಮರಿಗಳ ಸಾಲಿನಲ್ಲಿ ಕುಕ್ಕುರುಗಾಲಲ್ಲಿ ಕೂತು, "ನನಗ, ಅಜ್ಜಾ, ನನಗ!" ಎಂದಳು. ಅಜ್ಜ ನಗುತ್ತ ಅವಳ ಎದೆಗೂ ಕೈಯಿಟ್ಟ. ನಗು ಅಲ್ಲೇ ನಿಂತಿತು. ಕೈ ತೆಗೆಯಲಿಲ್ಲ. ಆಮೇಲೆ, ಕಂಬಳಿಯಲ್ಲಿದ್ದ ಮರಿಯನ್ನು ಕೆಳಗಿಳಿಸಿ ಮಲ್ಲಿಯನ್ನು ಸುತ್ತಿ ಹೆಗಲಿಗೆ ಹಾಕಿಕೊಂಡ.

"ಇದು ನಡಿಯೋ ಮರಿ ಅಲ್ಲ. ಹೊರೋ ಮರಿ."

"ಇಳಸ್ರಿ ಅಜ್ಜಾ. ಆಕಿಗೇನೂ ಆಗಿಲ್ಲ. ಕುರಿ ಬ್ಯಾರೆ, ಮನಶಾರು ಬ್ಯಾರೆ."

"ಬಾಯಿ ನಿಂದು ಜೋರ್ ಅದ ಯವ್ವಾ, ಒಪ್ಪಿದೆ. ಎದಿ ಇಕಿದು ಜೋರ್ ಇಲ್ಲ. ದೊಡ್ಡ ದವಾಖಾನಿಗಿ ಒಯ್ರಿ. ಇವತ್ತೇ."

ಹೇಳಿದವನೇ ಬಸ್ಸಿನ ರಸ್ತೆಯ ಕಡೆ ನಡೆದ. ತನಗೆ ಜ್ವರ ಬಂದಾಗಲೂ ಹಿಂಡು ಬಿಟ್ಟು ಕದಲದವನು ಒಮ್ಮೆಯೂ ತಿರುಗಿ ನೋಡಲಿಲ್ಲ. ನಾನು ಪಕ್ಕದಲ್ಲಿ ಓಡುತ್ತ ಒಂದರ ಮೇಲೊಂದು ಪ್ರಶ್ನೆ ಹಾಕಿದೆ, ಅವನು ಹೆಜ್ಜೆ ನಿಧಾನಿಸಲಿಲ್ಲ. ಕೊನೆಗೆ ಸಿಟ್ಟು ನೆತ್ತಿಗೇರಿ, "ನಡೀರಿ ಹಂಗಾದ್ರ! ಕಲಬುರ್ಗಿಗೇ ಹೋಗ್ತೀವಿ. ಏನೂ ಇಲ್ಲಂತ ಬರಿಸ್ಕೊಂಡು ಬಂದು ನಿಮ್ಮ ಕೈಯಾಗ ಇಡ್ತೀನಿ" ಎಂದೆ. ಮುಚ್ಚಿಡುವುದೇಕೆ? ನಾನು ಹೊರಟದ್ದು ಮಗುವಿಗಾಗಿ ಅಲ್ಲ, ಅಜ್ಜನನ್ನು ಸೋಲಿಸಲು.

ಬಸ್ಸಿನಲ್ಲಿ ಮಲ್ಲಿ ನನ್ನ ತೊಡೆಯ ಮೇಲೆ ನಿದ್ದೆ ಹೋದಳು. ದಾರಿಯುದ್ದಕ್ಕೂ ನನ್ನ ಅಂಗೈ ಅವಳ ಎದೆಯ ಮೇಲಿತ್ತು. ಎಲ್ಲ ಮಕ್ಕಳ ಎದೆಯಂತೆಯೇ ಬಡಿಯುತ್ತಿತ್ತು. ಆದರೂ ಕೈ ತೆಗೆಯಲು ಧೈರ್ಯ ಬರಲಿಲ್ಲ.

ಮರುದಿನ ಬೆಳಿಗ್ಗೆ ಮಕ್ಕಳ ಡಾಕ್ಟರು ಮೊದಲು ನೋಡಿದ್ದು ಸುಲಿದ ಬೆರಳುಗಳನ್ನು. ಜ್ವರ ಎಷ್ಟು ದಿನವಿತ್ತು, ಕಣ್ಣು ಕೆಂಪಾಗಿತ್ತೇ, ತುಟಿ ಒಡೆದಿತ್ತೇ ಎಂದು ಕೇಳುತ್ತ ಹೋದಂತೆ ಅವರ ದನಿ ಇಳಿಯಿತು. ಹೃದಯದ ಎಕೋ ಸ್ಕ್ಯಾನ್ ಮಾಡಿಸಿದರು. ಪರದೆಯ ಮೇಲೆ ಎರಡು ಕಡೆ ಬೆರಳಿಟ್ಟು ತೋರಿಸಿದರು. ಕವಾಸಾಕಿ ಎಂಬ ಕಾಯಿಲೆಯಂತೆ. ರಕ್ತನಾಳಗಳ ಗೋಡೆಗೆ ಉರಿಯೂತ ಬಂದು, ಹೃದಯಕ್ಕೇ ರಕ್ತ ಒಯ್ಯುವ ನಾಳ ಉಬ್ಬಿಕೊಂಡಿತ್ತು. ಆ ಉಬ್ಬಿನಲ್ಲಿ ರಕ್ತ ಹೆಪ್ಪುಗಟ್ಟಿದರೆ ಹೃದಯ ಇದ್ದಕ್ಕಿದ್ದಂತೆ ನಿಲ್ಲಬಹುದು. ಮೊದಲ ಹತ್ತು ದಿನದೊಳಗೆ ಬಂದಿದ್ದರೆ ಬಹುಶಃ ತಡೆಯಬಹುದಿತ್ತು ಎಂದರು. ಜ್ವರ ಬಿಟ್ಟಮೇಲೂ ಇದು ಒಳಗೊಳಗೇ ಬೆಳೆಯುತ್ತದಂತೆ. ನಾನು ಬೇವು ಕಿತ್ತೆಸೆದು ಬೀಗುತ್ತಿದ್ದ ದಿನಗಳವು.

"ಕೈಯಿಟ್ಟು ನೋಡಿದ್ರ ಇದು ತಿಳಿತದೇನ್ರಿ?" ಎಂದು ಕೇಳಿದೆ.

"ಕೈಗಾ? ನನ್ನ ಸ್ಟೆತಸ್ಕೋಪಿಗೇ ಕೇಳಿಸಿಲ್ರಿ" ಎಂದರು.

ಮಲ್ಲಿ ಈಗ ಶಾಲೆಗೆ ಹೋಗುತ್ತಾಳೆ. ಉಬ್ಬು ಕುಗ್ಗಿದೆ, ಮಾತ್ರೆ ನಿಂತಿಲ್ಲ. ನಾನು ಸುಮ್ಮನೆ ಕೂರಲಿಲ್ಲ. ಎಷ್ಟೋ ದಿನ ಅಜ್ಜನ ಹಿಂದೆ ನಿಂತು ಪರೀಕ್ಷಿಸಿದೆ. ಅವನು ಹೊರೋ ಮರಿ ಎಂದದ್ದು ಜಿಗಿಯುತ್ತ ಹೋಯಿತು, ನಡೆಯೋ ಮರಿ ಎಂದದ್ದು ದಾರಿಯಲ್ಲಿ ಕುಸಿಯಿತು. ತಪ್ಪು ಎತ್ತಿ ತೋರಿಸಿದರೆ ಅಜ್ಜ ನಕ್ಕ: "ನಂದೆಲ್ಲಾ ಖರೆ ಆಗಿದ್ರ ನಾ ಯಾಕ ಕುರಿ ಕಾಯ್ತಿದ್ದೆ?" ಹಾಗಾದರೆ ಮಲ್ಲಿಯದು ಹೇಗೆ ತಿಳಿಯಿತು? "ಕೈಗಿ ಬಂತು, ಹೇಳಿದೆ." ಅಷ್ಟೇ.

ಕಾಕತಾಳೀಯ ಎನ್ನಬಹುದು. ನಾನೂ ಎಷ್ಟೋ ಸಲ ಹಾಗೆಂದು ಮಲಗಿದ್ದೇನೆ. ಆದರೆ ಇತ್ತೀಚೆಗೆ ಒಂದು ಸಂಗತಿ ನೆನಪಾಯಿತು. ಆ ಮಧ್ಯಾಹ್ನ ನಾನು ಕಲಬುರ್ಗಿ ಎಂದಾಗ ಅಕ್ಕ ಮನೆಗೆ ಓಡಲಿಲ್ಲ. ಮಗುವಿನ ಬಟ್ಟೆ, ಸುರಪುರದ ಚೀಟಿ ಇದ್ದ ಚೀಲ ಅವಳ ಹೆಗಲಲ್ಲೇ ಇತ್ತು. ಅಜ್ಜನಿಗೆ ಅವಳೇ ಮೊದಲು ಹೇಳಿಟ್ಟಿದ್ದಳೇ? ಆದರೆ ಅಜ್ಜನ ನಗು ನಿಂತದ್ದನ್ನು ನಾನು ಎದುರಿಗೇ ನಿಂತು ನೋಡಿದ್ದೇನೆ. ಅದು ನಟನೆಯಲ್ಲ.

ಮೊನ್ನೆ ಮಲ್ಲಿಗೆ ಜಡೆ ಹಾಕುತ್ತಿದ್ದ ಅಕ್ಕನನ್ನು ನೇರವಾಗಿಯೇ ಕೇಳಿದೆ.

"ಅಕ್ಕಾ, ಅಜ್ಜಗ ನೀನೇ ಹೇಳಿದ್ದೇನು?"

ಅವಳು ರಿಬ್ಬನ್ ಬಿಗಿದಳು. ನಾನು ಬಿಡಲಿಲ್ಲ.

"ಸುರಪುರದ ಡಾಕ್ಟರಿಗೂ ತಿಳೀದಿದ್ದು ನಿನಗ ಹೆಂಗ ತಿಳೀತು? ತಿಳಿದಿದ್ರ, ನನಗ್ಯಾಕ ಹೇಳಲಿಲ್ಲ?" ಎಂದೆ. ಅಂದಮೇಲೆ ಅವಳ ಆ ಕೋರ್ಟಿನ ಮಾತು ನೆನಪಾಯಿತು.