ಕಣ್ಣಿಗೆ ಕಾಣದ ಹೆಪ್ಪು

1969ರ ಬೇಸಿಗೆಯಲ್ಲಿ ಸರಗೂರಿನ ಸುತ್ತಮುತ್ತಲ ಆರು ಜನ ಸೂಲಗಿತ್ತಿಯರಿಗೆ ನಾನು ಪಾಠ ಹೇಳಬೇಕಾಗಿ ಬಂತು. ಆಗ ನನಗೆ ಇಪ್ಪತ್ತಮೂರು ವರ್ಷ. ಮೈಸೂರಿನಲ್ಲಿ ನರ್ಸ್ ತರಬೇತಿ ಮುಗಿಸಿ ಬಂದು ಏಳು ತಿಂಗಳಾಗಿತ್ತು. ಒಬ್ಬಳೇ ನಿಂತು ಮಾಡಿಸಿದ ಹೆರಿಗೆಗಳು ಹನ್ನೊಂದು. ನನ್ನ ಶಿಷ್ಯೆಯರಲ್ಲೇ ಹಿರಿಯರು ಪುಟ್ಟಮಲ್ಲಮ್ಮ. ಎರಡು ಮೈಲಿ ಆಚೆಗಿನ ಅವರ ಊರಿನಲ್ಲಿ ಇಪ್ಪತ್ತೈದು ತುಂಬದವರೆಲ್ಲ ಅವರ ಕೈಮೇಲೇ ಭೂಮಿಗೆ ಬಂದವರು.

ಗಂಡ ತೀರಿಕೊಂಡ ಮೇಲೆ ಅತ್ತೆಯ ಹಿಂದೆ ಮನೆಮನೆಗೆ ಹೋಗಿ ಆ ಕೆಲಸ ಕಲಿತವರು. ಅತ್ತೆ ಕೊಟ್ಟುಹೋಗಿದ್ದ ಕುಡುಗೋಲನ್ನು ಸೂರಿನ ಸಂದಿಯಲ್ಲಿ ಸಿಕ್ಕಿಸಿಟ್ಟಿರುತ್ತಿದ್ದರು. ಹೊಕ್ಕುಳಬಳ್ಳಿ ಕತ್ತರಿಸುತ್ತಿದ್ದದ್ದು ಅದರಲ್ಲೇ. ಕತ್ತರಿಸಿದ ಜಾಗಕ್ಕೆ ಬೆರಣಿ ಬೂದಿ ಹಾಕುತ್ತಿದ್ದರು.

ಪಾಠಕ್ಕೆಂದು ಕೊಟ್ಟಿದ್ದ ಬಾಡಿಗೆ ಮನೆಯಲ್ಲಿ ಸೂಕ್ಷ್ಮದರ್ಶಕ ಇರಲಿಲ್ಲ. ಆರು ಜನರಲ್ಲಿ ಯಾರಿಗೂ ಓದು ಬರುತ್ತಿರಲಿಲ್ಲ. ಮೊದಲ ದಿನ ನಾನು ಬ್ಯಾಕ್ಟೀರಿಯಾ ಎಂಬ ಕ್ರಿಮಿಗಳು ಎಲ್ಲೆಲ್ಲೂ ಇವೆ, ಕೈಮೇಲೂ ಇವೆ ಎಂದಾಗ ಪುಟ್ಟಮಲ್ಲಮ್ಮ ತಮ್ಮ ಅಂಗೈಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡರು.

"ಈಗ್ತಾನೆ ತೊಳ್ಕಂಡ್ ಬಂದಿವ್ನಿ ಕಣವ್ವ. ಏನೂ ಕಾಣಾಕಿಲ್ವಲ್ಲ" ಅಂದರು.

"ಹೊಲದಲ್ಲಿ ಒಂದು ರಾಗಿಕಾಳು ಬಿದ್ದಿದ್ರೆ ಬದುವಿನ ಮೇಲಿಂದ ಕಾಣುತ್ತಾ ಅಮ್ಮ?"

"ಇಲ್ಲ."

"ಅದು ಮೊಳೆತು ಪೈರಾದ್ರೆ?"

"ಕಾಣ್ತದೆ."

"ಹಾಗೇ ಇದನ್ನೂ ಬೆಳೆಸಿ ತೋರಿಸ್ತೀನಿ."

ಮಾರನೆಯ ದಿನ ಇಡ್ಲಿ ಪಾತ್ರೆಯಲ್ಲಿ ಆಲೂಗೆಡ್ಡೆಗಳನ್ನು ಹಬೆಯಲ್ಲಿ ಬೇಯಿಸಿದೆ. ಚಾಕುವನ್ನು ಬೆಂಕಿಗೆ ಹಿಡಿದು ಕಾಯಿಸಿ ಅವನ್ನು ಎರಡೆರಡು ಹೋಳು ಮಾಡಿ, ಕುದಿಸಿದ ತಟ್ಟೆಗಳಲ್ಲಿಟ್ಟು ಮುಚ್ಚಿದೆ. ಒಂದು ಹೋಳನ್ನು ಯಾರೂ ಮುಟ್ಟಲಿಲ್ಲ. ಒಂದನ್ನು ಪುಟ್ಟಮಲ್ಲಮ್ಮ ಕೈ ತೊಳೆಯದೆ ಹಾಗೇ ಬೆರಳಿನಿಂದ ಒತ್ತಿದರು. ಬರೀ ನೀರಿನಲ್ಲಿ ತೊಳೆದುಕೊಂಡು ಇನ್ನೊಂದನ್ನು, ಸೋಪು ಹಚ್ಚಿ ಉಗುರಿನ ಸಂದಿಯೆಲ್ಲ ಉಜ್ಜಿಕೊಂಡು ಮತ್ತೊಂದನ್ನು ಒತ್ತಿದರು. ನಾನು ಹೇಳಿದ್ದರಿಂದ ಕುಡುಗೋಲನ್ನೂ ತಂದಿದ್ದರು. ಅದರ ತುದಿಯನ್ನು ಒಂದು ಹೋಳಿಗೆ ತಾಗಿಸಿ, ಆಮೇಲೆ ಇಪ್ಪತ್ತು ನಿಮಿಷ ಕುದಿಯುವ ನೀರಿನಲ್ಲಿಟ್ಟು ಇನ್ನೊಂದಕ್ಕೆ ತಾಗಿಸಿದೆವು. ಯಾವ ತಟ್ಟೆ ಯಾವುದು ಎಂದು ಗುರುತಿಗೆ ಮುಚ್ಚಳದ ಮೇಲೆ ಇದ್ದಿಲಿನಲ್ಲಿ ಬೊಟ್ಟು ಇಟ್ಟವರೂ ಅವರೇ. ತಟ್ಟೆಗಳನ್ನು ಒಲೆಯ ಪಕ್ಕದ ಬೆಚ್ಚನೆಯ ಮೂಲೆಯಲ್ಲಿ ಇಟ್ಟೆವು.

ಅದಾದ ಮೂರನೆಯ ದಿನ ಒಂದೊಂದಾಗಿ ಮುಚ್ಚಳ ತೆಗೆದೆ. ಮುಟ್ಟದ ಹೋಳು ಇಟ್ಟ ಹಾಗೇ ಇತ್ತು. ತೊಳೆಯದ ಕೈಯ ಹೋಳಿನ ಮೇಲೆ ಹಳದಿ, ಬಿಳಿ ಬೊಟ್ಟುಗಳು ಎದ್ದಿದ್ದವು. ನೀರಿನಲ್ಲಷ್ಟೇ ತೊಳೆದದ್ದರಲ್ಲೂ ಹೆಚ್ಚುಕಡಿಮೆ ಅಷ್ಟೇ. ಸೋಪು ಹಾಕಿದ ಕೈಯದರಲ್ಲಿ ಮೂರೋ ನಾಲ್ಕೋ. ಕುಡುಗೋಲು ತಾಗಿದ ಹೋಳು ಪೂರಾ ಲೋಳೆಗಟ್ಟಿ ನಾರುತ್ತಿತ್ತು. ಕುದಿಸಿದ ಮೇಲೆ ತಾಗಿಸಿದ್ದು ಮಾತ್ರ ಚೊಕ್ಕಟವಾಗಿತ್ತು.

ಪುಟ್ಟಮಲ್ಲಮ್ಮ ತುಂಬ ಹೊತ್ತು ಬಗ್ಗಿ ನೋಡಿದರು.

"ಇದು ಎಪ್ಪಾಕ್ದಂಗೆ ಅಲ್ವಾ?" ಅಂದರು. "ಒಂದ್ ತೊಟ್ಟು ಮೊಸ್ರು ಬಿದ್ರೆ ಮಡಕೆ ಆಲೆಲ್ಲ ಮೊಸ್ರಾಯ್ತದೆ. ಬೆಚ್ಚಗಿದ್ರೆ ಬಿರ್ನೆ ಆಯ್ತದೆ. ಕುದಿಯೋ ಆಲ್ಗೆ ಬುಟ್ರೆ ಎಪ್ಪೇ ಸತ್ತೋಯ್ತದೆ."

ಎರಡು ವರ್ಷ ನಾನು ಓದಿದ್ದನ್ನು ಅವರು ನಾಲ್ಕು ಮಾತಿನಲ್ಲಿ ಹೇಳಿಬಿಟ್ಟಿದ್ದರು. ಹೌದು, ಮೊಸರು ಮಾಡುವುದೂ ಬ್ಯಾಕ್ಟೀರಿಯಾಗಳೇ, ಎಲ್ಲವೂ ಕೆಟ್ಟವಲ್ಲ ಎಂದು ಹೇಳಿದೆ. ಆಮೇಲೆ ಕೆಟ್ಟದ್ದರ ವಿಷಯಕ್ಕೆ ಬಂದೆ. ಹುಟ್ಟಿದ ಏಳೆಂಟು ದಿನಕ್ಕೆ ಕೂಸು ಬಾಯಿ ಕಚ್ಚಿಕೊಂಡು, ಮೊಲೆ ಹಿಡಿಯದೆ, ಸೆಟೆದು ಸಾಯುತ್ತಿತ್ತಲ್ಲ, ಊರಿನವರು ಅದನ್ನು ಬಾಲಗ್ರಹ ಎನ್ನುತ್ತಿದ್ದರು. ಅದು ಧನುರ್ವಾಯು, ಅದರ ಕ್ರಿಮಿ ಮಣ್ಣಿನಲ್ಲಿ, ಸಗಣಿಯಲ್ಲಿ ಇರುತ್ತದೆ. ಗಾಳಿ ತಾಗಿದರೆ ಅದು ಬೆಳೆಯುವುದಿಲ್ಲ, ಆದ್ದರಿಂದ ಈ ತಟ್ಟೆಗಳಲ್ಲಿ ಕಾಣಲಿಲ್ಲ. ಆದರೆ ಕೂಸಿನೊಳಗೆ ಹೋಗುವ ದಾರಿ ಹೊಕ್ಕುಳು. ಇನ್ನು ಮೇಲೆ ಹೊಸ ಬ್ಲೇಡನ್ನು ಕುದಿಸಿ ಕತ್ತರಿಸಬೇಕು, ಬೂದಿ ಹಾಕಲೇಬಾರದು ಎಂದೆ.

ಎಲ್ಲರೂ ಹೊರಟರು. ಪುಟ್ಟಮಲ್ಲಮ್ಮ ಮಾತ್ರ ಉಳಿದರು.

"ಮಂಗ್ಳವ್ವ" ಅಂದರು. ಸರ್ವಮಂಗಳ ಎಂಬ ನನ್ನ ಹೆಸರನ್ನು ಅವರು ಕರೆಯುತ್ತಿದ್ದದ್ದು ಹಾಗೆ. "ನನ್ ಮಗ್ಳು ಭಾಗ್ಯನ ಮೊದುಲ್ ಕೂಸು ಎಂಟ್ನೇ ದಿನಕ್ಕೆ ಅಂಗೇ ಓಯ್ತು. ಎತ್ತಿದ್ದು ನಾನೇಯ. ನನ್ನಿಂದ್ಲಾ?"

ಇಲ್ಲ ಎಂದುಬಿಡಬಹುದಿತ್ತು. ಅವರು ನನ್ನ ಕಣ್ಣನ್ನೇ ನೋಡುತ್ತಿದ್ದರು.

"ಕುಡುಗೋಲಿಂದಲೋ ಬೂದಿಯಿಂದಲೋ ಹೇಳೋಕಾಗಲ್ಲ ಅಮ್ಮ. ಆದ್ರೆ ಹಾಗೇ ಆಗಿರಬೇಕು" ಎಂದೆ.

ಅವರು ತಲೆಯಾಡಿಸಿ, ಕುಡುಗೋಲನ್ನು ಅಲ್ಲೇ ಬಿಟ್ಟು ನಡೆದುಹೋದರು.

ಮಾರನೆಯ ದಿನ ಬರಲಿಲ್ಲ. ನಾಲ್ಕು ದಿನವಾದರೂ ಬರಲಿಲ್ಲ. ಅವರ ಊರಿನಿಂದ ಬಂದವರೊಬ್ಬರು, ಪುಟ್ಟಮಲ್ಲಮ್ಮ ಹೆರಿಗೆಗೆ ಕರೆದರೂ ಹೋಗಲಿಲ್ಲವಂತೆ ಎಂದರು. ಐದನೆಯ ದಿನ ನಾನೇ ನಡೆದುಕೊಂಡು ಹೋದೆ. ಎರಡು ಮೈಲಿಯುದ್ದಕ್ಕೂ, ಆ ಮಾತನ್ನು ಬೇರೆ ರೀತಿ ಹೇಳಬಹುದಿತ್ತೇ ಎಂದು ಯೋಚಿಸುತ್ತಿದ್ದೆ.

ಜಗಲಿಯ ಮೇಲೆ ಭಾಗ್ಯಮ್ಮ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದಳು. ಎರಡನೆಯ ಹೆರಿಗೆಗೆಂದು ತವರಿಗೆ ಬಂದಿದ್ದಳು, ಒಂಬತ್ತು ತುಂಬಿತ್ತು. ಪುಟ್ಟಮಲ್ಲಮ್ಮ ಕಂಬಕ್ಕೆ ಒರಗಿ ಕೂತಿದ್ದರು.

"ಇವ್ಳಿಗೆ ಆ ಇಸ್ಯ ಇನ್ನೂ ಏಳಿಲ್ಲ" ಅಂದರು ನನಗೆ. ಆಮೇಲೆ ಮಗಳ ಕಡೆ ತಿರುಗಿ ಎಲ್ಲವನ್ನೂ ಹೇಳಿದರು. ತಟ್ಟೆಗಳಲ್ಲಿ ಕಂಡದ್ದು, ಕುಡುಗೋಲು, ಬೂದಿ. ಕೊನೆಗೆ, "ನಿನ್ ಕೂಸ್ನ ನಾನೇ ಕೊಂದೆ ಕಣವ್ವ" ಅಂದರು.

ಭಾಗ್ಯಮ್ಮನ ಕೈ ಅಕ್ಕಿಯಲ್ಲೇ ನಿಂತಿತು.

"ಗೊತ್ತಿದ್ರೆ ಮಾಡ್ತಿದ್ಯಾ ಅವ್ವ?" ಅಂತ ಕೇಳಿದಳು.

"ಇಲ್ಲ."

"ಆ ಎಂಟ್ ದಿನ ನೀನು ಅದ್ನ ಮಡ್ಲಿಂದ ಇಳಿಸ್ನಿಲ್ಲ. ಉಣ್ನಿಲ್ಲ. ನಂಗೆ ಅದು ನೆಪ್ಪದೆ." ಮೊರವನ್ನು ಪಕ್ಕಕ್ಕಿಟ್ಟು, ಭಾರವಾದ ಮೈಯನ್ನು ತಳ್ಳಿಕೊಂಡು ಹೋಗಿ ತಾಯಿಯ ಪಕ್ಕ ಕೂತಳು. ಇಬ್ಬರೂ ಅತ್ತರು. ನಾನು ಅಂಗಳಕ್ಕೆ ಇಳಿದು ನಿಂತೆ.

ಹನ್ನೆರಡು ದಿನದ ಮೇಲೆ, ಒಂದು ಬೆಳಿಗ್ಗೆ, ನನ್ನನ್ನು ಕರೆಸಿದರು. ಪುಟ್ಟಮಲ್ಲಮ್ಮ ನೀರು ಕುದಿಸಿ, ಬಟ್ಟೆಗಳನ್ನು ಬೇಯಿಸಿ ಬಿಸಿಲಿಗೆ ಹಾಕಿ, ಹೊಸ ಬ್ಲೇಡು, ನೂಲು ಎಲ್ಲ ಅಣಿಮಾಡಿದ್ದರು. "ನೀವೇ ಮಾಡ್ಸಿ. ನಾನು ಮುಟ್ಟಾಕಿಲ್ಲ" ಎಂದು ಗೋಡೆಗೆ ಆತು ಕೂತರು.

ಕೂಸಿನ ತಲೆ ಬಂತು. ಭುಜ ಬರಲಿಲ್ಲ. ನಾನು ಪುಸ್ತಕದಲ್ಲಿ ಓದಿದ್ದನ್ನೆಲ್ಲ ಮಾಡಿದೆ, ಕೂಸು ಕದಲಲಿಲ್ಲ. ತಿರುಗಿ ನೋಡಿದರೆ, ಮುಟ್ಟುವುದಿಲ್ಲ ಎಂದವರು ಯಾವಾಗಲೋ ಮೊಣಕೈವರೆಗೆ ಸೋಪು ಹಾಕಿ ತೊಳೆದುಕೊಂಡು, ಎರಡೂ ಕೈಗಳನ್ನು ಎದೆಯ ಮುಂದೆ ಎತ್ತಿ ಹಿಡಿದು ಕೂತಿದ್ದರು.

"ಅಮ್ಮ, ಬನ್ನಿ" ಎಂದೆ.

ಎದ್ದು ಬಂದರು. ಮಗಳನ್ನು ಮೆಲ್ಲಗೆ ಹೊರಳಿಸಿ ಮಂಡಿ, ಕೈಗಳ ಮೇಲೆ ನಿಲ್ಲಿಸಿದರು. ನನ್ನ ಪುಸ್ತಕದಲ್ಲಿ ಅದು ಇರಲಿಲ್ಲ. "ಈಗ ಮುಕ್ಕು ಮಗಾ, ಕೆಳಕ್ ನೂಕು" ಅಂದರು. ಭುಜ ಸಡಿಲಿತು. ಗಂಡು ಕೂಸು ಅವರ ಕೈಗೆ ಜಾರಿ ಬಂತು, ಒಂದು ಗಳಿಗೆ ತಡೆದು ಅತ್ತಿತು.

ಬ್ಲೇಡನ್ನು ನನ್ನ ಕಡೆ ತೋರಿಸಿ, "ನೀವು ಕುಯ್ರಿ" ಅಂದರು.

ಮಲಗಿದ್ದಲ್ಲಿಂದಲೇ ಭಾಗ್ಯಮ್ಮ, "ಅವ್ವನೇ ಕುಯ್ಲಿ" ಅಂದಳು.

ಅವರೇ ಕತ್ತರಿಸಿದರು. ಬೂದಿ ಹಾಕಲಿಲ್ಲ.

ಎಂಟನೆಯ ದಿನ ನಾನು ಹೋದಾಗ ಕೂಸು ಹಾಲು ಕುಡಿಯುತ್ತಿತ್ತು. ಪುಟ್ಟಮಲ್ಲಮ್ಮ ಅದರ ದವಡೆ ಆಡುವುದನ್ನೇ ನೋಡುತ್ತ ಕೂತಿದ್ದರು. ಸಂಜೆಯಾದರೂ ಏಳಲಿಲ್ಲ. ಹತ್ತನೆಯ ದಿನ ಪಾಠಕ್ಕೆ ಬಂದರು.

ನಾನು ಅಲ್ಲಿದ್ದ ಮುಂದಿನ ನಾಲ್ಕು ವರ್ಷ ಅವರು ಎತ್ತಿದ ಒಂದು ಕೂಸೂ ಆ ರೋಗದಿಂದ ಹೋಗಲಿಲ್ಲ. ಸುತ್ತಲಿನ ಕಾಡಂಚಿನ ಹಾಡಿಗಳಿಂದ ಹೆಂಗಸರು ಅವರ ಹತ್ತಿರ ಕಲಿಯಲು ಬಂದರು. ಯಾರಿಗೂ ಬೈದು ಹೇಳಿದ್ದನ್ನು ನಾನು ಕೇಳಲಿಲ್ಲ. "ನಂಗೂ ಗೊತ್ತಿರ್ನಿಲ್ಲ" ಎಂದೇ ಮಾತು ಶುರುಮಾಡುತ್ತಿದ್ದರು.

ಆಮೇಲೆ ನನಗೆ ಮದುವೆಯಾಗಿ ಕೆ.ಆರ್. ನಗರಕ್ಕೆ ವರ್ಗವಾಯಿತು. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡವಳು ನಾನು. ಬಸುರಿ ಎಂದು ಪುಟ್ಟಮಲ್ಲಮ್ಮನಿಗೆ ಒಂದು ಕಾರ್ಡು ಬರೆದಿದ್ದೆ, ಅಷ್ಟೇ. ಒಂದು ಮಧ್ಯಾಹ್ನ ಬಾಗಿಲು ತೆರೆದರೆ ಪುಟ್ಟಮಲ್ಲಮ್ಮ ಗಂಟು ಹಿಡಿದು ನಿಂತಿದ್ದರು. ಹುಣಸೂರಿನಲ್ಲಿ ಬಸ್ಸು ಬದಲಾಯಿಸಿ, ದಾರಿ ಕೇಳಿಕೊಂಡು ಬಂದಿದ್ದರು.

"ಕಾರ್ಡು ಓದಿಸ್ಕಂಡೆ. ಬಾಣಂತ್ನಕ್ಕೆ ನಿಂಗ್ಯಾರೂ ಇಲ್ವಲ್ಲ ಮಗಾ, ಅದ್ಕೇ ಬಂದೆ" ಅಂದರು. ಮೂರು ತಿಂಗಳು ಇದ್ದು ಹೋದರು.